ಆಫೀಸಿಗೂ ಘಾಟಿಗೂ ಒಂದೇ ಬೈಕ್: ನಿಮ್ಮ ಅಳತೆಯ ಗಾಡಿ ಆರಿಸುವ ಕ್ರಮ

"ಅಣ್ಣಾ, 350 ತಗೊಳ್ಳಲಾ, 450 ತಗೊಳ್ಳಲಾ?" ಎಂದು ಕೇಳಿದವರಲ್ಲಿ ಹಲವರು ಒಂದೂವರೆ ವರ್ಷದೊಳಗೆ ಮತ್ತೆ ಫೋನ್ ಮಾಡಿದ್ದಾರೆ. ಈ ಸಲ ಗಾಡಿ ಮಾರಲು ಗಿರಾಕಿ ಬೇಕಂತೆ. ಗಾಡಿಯಲ್ಲಿ ದೋಷ ಇರಲಿಲ್ಲ, ಅವರಿಗೆ ಅದು ಒಗ್ಗಲಿಲ್ಲ ಅಷ್ಟೇ. ಎಲ್ಲರೂ ಎಡವಿದ್ದು ಒಂದೇ ಕಡೆ. ಸಿಸಿ (ಇಂಜಿನ್ನಿನ ಗಾತ್ರ) ಎಷ್ಟು ಅಂತ ಮೊದಲು ತೀರ್ಮಾನಿಸಿ, ಉಳಿದದ್ದು ಆಮೇಲೆ ಹೊಂದಿಕೊಳ್ಳುತ್ತೆ ಅಂದುಕೊಂಡಿದ್ದರು.

ಇಲ್ಲಿ ಸಿಸಿ ಬರುವುದು ಐದನೇ ಹಂತದಲ್ಲಿ. ದಯವಿಟ್ಟು ಕ್ರಮ ಬದಲಿಸಬೇಡಿ. ಮೊದಲ ನಾಲ್ಕು ಹಂತಗಳನ್ನು ಪ್ರಾಮಾಣಿಕವಾಗಿ ಮುಗಿಸಿದರೆ ನಿಮ್ಮ ಮುಂದೆ ಎರಡೋ ಮೂರೋ ಗಾಡಿ ಮಾತ್ರ ಉಳಿಯುತ್ತವೆ.

ಬೇಕಾದ ಸಾಮಾನು: ಅಳತೆ ಟೇಪು, ಒಂದು ದಪ್ಪ ಪುಸ್ತಕ, ಬರೆದುಕೊಳ್ಳಲು ನೋಟ್‌ಬುಕ್, ನೀವು ದಿನಾ ಹಾಕುವ ಶೂ, ನಿಮ್ಮದೇ ಹೆಲ್ಮೆಟ್. ಜೊತೆಗೆ, ನಿಮ್ಮ ಹಿಂದೆ ಕೂರುವವರು ಅರ್ಧ ದಿನ ಬಿಡುವು ಮಾಡಿಕೊಳ್ಳಬೇಕು.

## ಹಂತ 1: ಎರಡು ವಾರ ಲೆಕ್ಕ ಬರೆಯಿರಿ

ಈಗ ಓಡಿಸುತ್ತಿರುವ ಗಾಡಿ ಯಾವುದೇ ಇರಲಿ, ಸ್ಕೂಟರ್ ಆದರೂ ಸರಿ. ಪ್ರತಿ ದಿನ ರಾತ್ರಿ ನಾಲ್ಕು ವಿಷಯ ಬರೆದಿಡಿ. ಎಷ್ಟು ಕಿ.ಮೀ. ಓಡಿತು, ಎಷ್ಟು ಹೊತ್ತು ಹಿಡಿಯಿತು, ಹಿಂದೆ ಯಾರಾದರೂ ಕೂತಿದ್ದರಾ, ಗಾಡಿ ಎಲ್ಲಿ ನಿಲ್ಲಿಸಿದಿರಿ.

ಆಮೇಲೆ ಕಳೆದ ಒಂದು ವರ್ಷದ ಟೂರ್‌ಗಳನ್ನು ನೆನಪು ಮಾಡಿಕೊಂಡು ಬರೆಯಿರಿ. ಹೋಗಬೇಕು ಅಂದುಕೊಂಡಿದ್ದು ಬೇಡ, ನಿಜವಾಗಿ ಹೋಗಿದ್ದು ಮಾತ್ರ. ಬೆಂಗಳೂರಿನಿಂದ ಚಿಕ್ಕಮಗಳೂರು ಸುಮಾರು 245 ಕಿ.ಮೀ. ಹೋಗಿ ಬಂದರೆ 500. ಇಂಥದ್ದು ವರ್ಷಕ್ಕೆ ನಾಲ್ಕು ಮಾಡಿದರೂ 2,000 ಕಿ.ಮೀ. ದಿನಕ್ಕೆ 25 ಕಿ.ಮೀ. ಆಫೀಸ್ ಓಡಾಟ ಇದ್ದರೆ ಅದೇ ವರ್ಷದಲ್ಲಿ 6,000 ದಾಟುತ್ತದೆ.

ಕಿ.ಮೀ.ಗಿಂತ ಗಂಟೆಗಳ ಲೆಕ್ಕ ಇನ್ನೂ ಸ್ಪಷ್ಟ. ಹೊರ ವರ್ತುಲ ರಸ್ತೆಯಲ್ಲಿ ಬೆಳಗ್ಗೆ 12 ಕಿ.ಮೀ.ಗೆ ಒಂದು ಗಂಟೆ ಹೋದ ದಿನ ಎಲ್ಲರಿಗೂ ಗೊತ್ತು. ಹಾಗೆ ಲೆಕ್ಕ ಹಾಕಿದರೆ, ಬಹುಪಾಲು ಜನ ಗಾಡಿಯ ಮೇಲೆ ಕಳೆಯುವ ಹೊತ್ತಿನಲ್ಲಿ ಹೆಚ್ಚಿನದು ಒಂದು, ಎರಡನೇ ಗೇರಿನಲ್ಲೇ ಹೋಗುತ್ತದೆ. ಇದನ್ನು ಕಣ್ಣಾರೆ ನೋಡದೆ ಮುಂದಿನ ಹಂತಕ್ಕೆ ಹೋಗಬೇಡಿ.

ಇಲ್ಲೇ ಒಂದು ಮುಖ್ಯ ಪ್ರಶ್ನೆ. ಮನೆಯಲ್ಲಿ ಇನ್ನೊಂದು ಸ್ಕೂಟರ್ ಇದೆಯಾ? ತರಕಾರಿ, ಶಾಲೆ, ಮಳೆಯ ದಿನದ ಆಫೀಸ್ ಅದರಲ್ಲೇ ಆಗುತ್ತಾ? ಹಾಗಿದ್ದರೆ ನಿಮ್ಮ ಬೈಕ್ ಒಂದು ಅಳತೆ ದೊಡ್ಡದಿದ್ದರೂ ನಡೆಯುತ್ತದೆ. ಎಲ್ಲ ಕೆಲಸಕ್ಕೂ ಇದೊಂದೇ ಗಾಡಿ ಅಂದರೆ ದಿನನಿತ್ಯದ ಓಡಾಟಕ್ಕೇ ಮೊದಲ ಮಣೆ.

## ಹಂತ 2: ಕಾಲು ಅಳೆಯಿರಿ

ಜನ ಎತ್ತರ ಹೇಳುತ್ತಾರೆ, ಐದು ಅಡಿ ಆರು ಇಂಚು ಅಂತ. ಬೈಕಿಗೆ ಅದು ಸಾಲದು. ಬೇಕಾಗಿರುವುದು ಕಾಲಿನ ಒಳಗಡೆಯ ಅಳತೆ.

ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿ. ಪುಸ್ತಕವನ್ನು ಎರಡು ತೊಡೆಗಳ ನಡುವೆ ಇಟ್ಟು, ಸೈಕಲ್ ಸೀಟಿನ ಮೇಲೆ ಕೂತ ಹಾಗೆ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಎಷ್ಟು ಅಂತ ಇನ್ನೊಬ್ಬರ ಕೈಲಿ ಅಳೆಸಿ. ಅದನ್ನು ಮಿ.ಮೀ.ನಲ್ಲಿ ಬರೆದುಕೊಳ್ಳಿ, ಯಾಕಂದರೆ ಕಂಪನಿಗಳು ಸೀಟಿನ ಎತ್ತರ ಕೊಡುವುದು ಮಿ.ಮೀ.ನಲ್ಲೇ.

ನಾನು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ. ಸೀಟಿನ ಎತ್ತರ ನಿಮ್ಮ ಅಳತೆಗಿಂತ 20–30 ಮಿ.ಮೀ. ಜಾಸ್ತಿ ಇದ್ದರೂ ಎರಡೂ ಪಾದ ಪೂರ್ತಿ ಊರಬಹುದು. ಶೂ ಸ್ವಲ್ಪ ಎತ್ತರ ಕೊಡುತ್ತದೆ, ಕೂತಾಗ ಸಸ್ಪೆನ್ಷನ್ ಸ್ವಲ್ಪ ಕುಸಿಯುತ್ತದೆ. 50–60 ಮಿ.ಮೀ. ಜಾಸ್ತಿ ಇದ್ದರೆ ಪಾದದ ಮುಂಭಾಗ ಮಾತ್ರ ಊರುತ್ತದೆ. ಅನುಭವ ಇದ್ದವರಿಗೆ ಇಷ್ಟು ಸಾಕು. 80 ದಾಟಿದರೆ ತುದಿಬೆರಳಲ್ಲೇ ನಿಲ್ಲಬೇಕು. ಮೊದಲ ಟೂರಿಂಗ್ ಬೈಕ್ ಕೊಳ್ಳುವವರಿಗೆ ಅದು ಬೇಡವೇ ಬೇಡ.

ಕೆಲವು ಅಳತೆಗಳು ತಲೆಯಲ್ಲಿರಲಿ. ಸ್ಪ್ಲೆಂಡರ್ ಪ್ಲಸ್ 785 ಮಿ.ಮೀ. ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 765, ಕ್ಲಾಸಿಕ್ 805. ಟ್ರಯಂಫ್ ಸ್ಪೀಡ್ 400 ಸುಮಾರು 790. ಎಕ್ಸ್‌ಪಲ್ಸ್ 200 ಮತ್ತು ಹಿಮಾಲಯನ್ 450 ಎರಡೂ 825. ಸುಜುಕಿ ವಿ-ಸ್ಟ್ರೋಮ್ ಎಸ್‌ಎಕ್ಸ್ 835.

ಈ ಅಂಕಿ ನೋಡಿ ಅಲ್ಲೇ ನಿಲ್ಲಬೇಡಿ. ಸೀಟಿನ ಅಗಲ ಅಷ್ಟೇ ಮುಖ್ಯ. ಅಗಲದ ಸೀಟು ತೊಡೆಗಳನ್ನು ಹೊರಕ್ಕೆ ತಳ್ಳಿ ಕಾಲನ್ನು ಗಿಡ್ಡ ಮಾಡುತ್ತದೆ. ಒಂದೇ ಎತ್ತರದ ಎರಡು ಗಾಡಿಗಳಲ್ಲಿ ಒಂದರಲ್ಲಿ ಪಾದ ಊರಿ, ಇನ್ನೊಂದರಲ್ಲಿ ಊರದೇ ಇರಬಹುದು.

ಪಾದ ಊರುವ ವಿಷಯದಲ್ಲಿ ನಾನು ಇಷ್ಟು ಹಠ ಹಿಡಿಯಲು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಸಕಲೇಶಪುರದ ಹತ್ತಿರ ಒಂದು ಎಸ್ಟೇಟ್ ರಸ್ತೆಯಲ್ಲಿ ಯು-ಟರ್ನ್ ಮಾಡುತ್ತಿದ್ದೆ. ನನ್ನ ಅಳತೆಗೆ ಎತ್ತರವಾದ ಗಾಡಿ. ನಿಲ್ಲಿಸಿ ಬಲಗಾಲು ಊರಲು ಹೋದೆ. ಆ ಕಡೆ ಇಳಿಜಾರು, ನೆಲ ಸಿಗಲಿಲ್ಲ. ಗಾಡಿ ನಿಂತಲ್ಲೇ ಮಗುಚಿತು. ಹಿಂದೆ ಕೂತಿದ್ದ ಹೆಂಡತಿಯ ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್. ಆ ಹೊತ್ತಿನಲ್ಲಿ ಗಾಡಿಯ ವೇಗ ಸೊನ್ನೆ. ಟೂರ್‌ಗಳಲ್ಲಿ ನಾನು ನೋಡಿದ ಬೀಳುವಿಕೆಗಳಲ್ಲಿ ಹೆಚ್ಚಿನವು ಇಂಥವೇ: ಜಲ್ಲಿ, ಇಳಿಜಾರು, ಹೋಮ್‌ಸ್ಟೇ ಗೇಟು, ಪೆಟ್ರೋಲ್ ಬಂಕಿನ ತಿರುವು.

## ಹಂತ 3: ತೂಕವನ್ನು ತಳ್ಳಿ ನೋಡಿ

ಈಗ ಶೋರೂಮಿಗೆ ಹೋಗಿ. ಆದರೆ ಓಡಿಸುವುದಕ್ಕಲ್ಲ. ಇಂಜಿನ್ ಆಫ್ ಇರಲಿ.

ಸ್ಪ್ಲೆಂಡರ್ ಸುಮಾರು 112 ಕೆ.ಜಿ. ಕ್ಲಾಸಿಕ್ 350 ಸುಮಾರು 195 ಕೆ.ಜಿ. ಅಂದರೆ ಒಬ್ಬ ಗಟ್ಟಿ ಆಳಿನಷ್ಟು ಜಾಸ್ತಿ. ಓಡುವಾಗ ಈ ತೂಕ ಗೊತ್ತಾಗುವುದಿಲ್ಲ, ನೆಲ ಹಿಡಿದು ಹೋಗುತ್ತದೆ ಎಂದು ಖುಷಿಯೇ ಆಗುತ್ತದೆ. ಗೊತ್ತಾಗುವುದು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ, ಎರಡು ಸ್ಕೂಟರ್‌ಗಳ ನಡುವಿಂದ ಹಿಂದಕ್ಕೆ ಎಳೆಯುವಾಗ.

ಮಾಡಬೇಕಾದ್ದು ಇಷ್ಟು:

1. ಗಾಡಿಯ ಎಡಗಡೆ ನಿಂತು, ಹ್ಯಾಂಡಲ್ ಹಿಡಿದು, ಹತ್ತು ಹೆಜ್ಜೆ ಮುಂದಕ್ಕೆ ತಳ್ಳಿ.
2. ಅದೇ ರೀತಿ ಹತ್ತು ಹೆಜ್ಜೆ ಹಿಂದಕ್ಕೆ, ಹ್ಯಾಂಡಲ್ ಅರ್ಧ ತಿರುಗಿಸಿಕೊಂಡು.
3. ಮೇಲೆ ಕೂತು, ಕಾಲಿನಿಂದಲೇ ಹಿಂದಕ್ಕೆ ತಳ್ಳಿ. ಸ್ವಲ್ಪ ಏರು ಇರುವ ಕಡೆ ಇದನ್ನು ಮಾಡಿದರೆ ಇನ್ನೂ ಒಳ್ಳೆಯದು.
4. ಸೆಂಟರ್ ಸ್ಟ್ಯಾಂಡ್ ಇದ್ದರೆ ಹಾಕಿ, ತೆಗೆಯಿರಿ.

ಎರಡನೆಯದರಲ್ಲೇ ಏದುಸಿರು ಬಂದರೆ, ಅಥವಾ ಸೇಲ್ಸ್ ಹುಡುಗ ಕೈ ಹಾಕಬೇಕಾಗಿ ಬಂದರೆ, ಆ ಗಾಡಿಯನ್ನು ಪಟ್ಟಿಯಿಂದ ತೆಗೆಯಿರಿ. "ಅಭ್ಯಾಸ ಆಗುತ್ತೆ ಸಾರ್" ಎಂದು ಅವನು ಹೇಳುತ್ತಾನೆ. ಓಡಿಸುವುದು ಅಭ್ಯಾಸ ಆಗುತ್ತದೆ, ನಿಜ. ಆದರೆ ಸುಸ್ತಾದ ಸಂಜೆ ಬೇಸ್‌ಮೆಂಟಿನಲ್ಲಿ 200 ಕೆ.ಜಿ. ಎಳೆಯುವುದು ಎರಡು ವರ್ಷದ ನಂತರವೂ ಅಷ್ಟೇ ಕಷ್ಟ.

ಕಾಗದದ ಮೇಲಿನ ತೂಕ ನೋಡುವಾಗ ಪೆಟ್ರೋಲ್ ಸೇರಿದ ತೂಕವೋ ಅಲ್ಲವೋ ಕೇಳಿ. ಹಿಮಾಲಯನ್ 450ರ ಟ್ಯಾಂಕ್ 17 ಲೀಟರ್. ತುಂಬಿದರೆ ಪೆಟ್ರೋಲೇ 12 ಕೆ.ಜಿ. ದಾಟುತ್ತದೆ, ಅದೂ ಗಾಡಿಯ ಮೇಲ್ಭಾಗದಲ್ಲಿ. ಮೇಲಿರುವ ತೂಕ ವಾಲಿದಾಗ ಜಾಸ್ತಿ ಎಳೆಯುತ್ತದೆ. ಹಾಗಾಗಿಯೇ ಒಂದೇ ತೂಕದ ಎರಡು ಗಾಡಿಗಳಲ್ಲಿ ಕುಳ್ಳಗಿನ ಗಾಡಿ ಹಗುರ ಅನ್ನಿಸುತ್ತದೆ.

ಬಿದ್ದ ಗಾಡಿ ಎತ್ತುವ ಕ್ರಮವನ್ನೂ ಕಲಿಯಿರಿ. ಮೊದಲು ಇಂಜಿನ್ ಆಫ್ ಮಾಡಿ, ಗಾಡಿ ಗೇರಿನಲ್ಲಿರಲಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಹಾಕಿಡಿ, ಇಲ್ಲವಾದರೆ ಎತ್ತಿದ ಗಾಡಿ ಎಡಗಡೆಗೆ ಬೀಳುತ್ತದೆ. ಗಾಡಿಗೆ ಬೆನ್ನು ಮಾಡಿ, ಸೊಂಟದ ಕೆಳಭಾಗವನ್ನು ಸೀಟಿಗೆ ಆನಿಸಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿಯಿರಿ. ಬೆನ್ನು ಬಗ್ಗಿಸದೆ, ಸಣ್ಣ ಹೆಜ್ಜೆ ಇಡುತ್ತಾ ಕಾಲಿನ ಬಲದಿಂದ ಹಿಂದಕ್ಕೆ ಒತ್ತಿ. ಸೊಂಟ ಹಿಡಿದುಕೊಂಡವರೆಲ್ಲ ಮುಂದಕ್ಕೆ ಬಗ್ಗಿ ಎತ್ತಿದವರೇ.

## ಹಂತ 4: ನಿಮ್ಮ ರಸ್ತೆ ಎಷ್ಟು ವೇಗ ಕೇಳುತ್ತದೆ?

"ಹೈವೇಯಲ್ಲಿ 120 ಆರಾಮಾಗಿ ಹೋಗಬೇಕು" ಎಂಬ ಆಸೆಯಿಂದ ಎಷ್ಟೋ ಜನ ಬೇಡದ ಶಕ್ತಿಗೆ ದುಡ್ಡು ಕೊಡುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲಿ ಗೊತ್ತುಪಡಿಸಿದ ಮಿತಿಯ ಪ್ರಕಾರ, ನಡುವೆ ವಿಭಜಕ ಇರುವ ನಾಲ್ಕು ಲೇನ್ ರಸ್ತೆಯಲ್ಲೂ ದ್ವಿಚಕ್ರ ವಾಹನಕ್ಕೆ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶವೇ ಇಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ಅಲ್ಲಿ ಹಂಪ್, ಎದುರಿಂದ ಬರುವ ಟ್ರ್ಯಾಕ್ಟರ್, ಅಂಗಡಿ ಮುಂದೆ ನಿಂತ ಕಾರು. 60 ಹೋದರೆ ಹೆಚ್ಚು.

ಹಾಗಾದರೆ ಶಕ್ತಿ ಬೇಕಾಗುವುದು ಯಾವಾಗ? ಎರಡು ಕಡೆ.

ಒಂದು, ಓವರ್‌ಟೇಕ್. ಎರಡು ಲೇನ್ ರಸ್ತೆಯಲ್ಲಿ ಲಾರಿಯ ಹಿಂದೆ 50ರಲ್ಲಿ ಹೋಗುತ್ತಿದ್ದೀರಿ, ಎದುರು ಖಾಲಿ ಇದೆ. 50ರಿಂದ 80ಕ್ಕೆ ಬೇಗ ಏರಿದರೆ ಎದುರು ಲೇನಿನಲ್ಲಿ ಕಡಿಮೆ ಹೊತ್ತು ಇರುತ್ತೀರಿ. ನೋಡಬೇಕಾದ ಶಕ್ತಿ ಇದು.

ಎರಡು, ಘಾಟಿ. ಶಿರಾಡಿ, ಚಾರ್ಮಾಡಿ, ಆಗುಂಬೆ, ಯಲ್ಲಾಪುರ ಕಡೆಯವರಿಗೆ ಅರಬೈಲು. ಹೇರ್‌ಪಿನ್ ತಿರುವಿನಲ್ಲಿ ವೇಗ 20ಕ್ಕೆ ಇಳಿಯುತ್ತದೆ. ಹಿಂದೆ ಒಬ್ಬರು, ಎರಡು ಕಡೆ ಬ್ಯಾಗು. ಅಲ್ಲಿಂದ ಮತ್ತೆ ಏರನ್ನು ಎಳೆಯಬೇಕು. ಇಲ್ಲಿ ಕೆಲಸಕ್ಕೆ ಬರುವುದು ಇಂಜಿನ್ ನಿಧಾನ ತಿರುಗುವಾಗಲೇ ಸಿಗುವ ಎಳೆತ, ಅಂದರೆ ಟಾರ್ಕ್. ಕ್ಲಾಸಿಕ್ 350ರ ಶಕ್ತಿ ಸುಮಾರು 20 ಬಿಎಚ್‌ಪಿ ಅಷ್ಟೇ. ಆದರೆ ಅದರ 27 ಎನ್‌ಎಂ (ಟಾರ್ಕ್‌ನ ಅಳತೆ) ಟಾರ್ಕ್ 4,000 ಆರ್‌ಪಿಎಂನಲ್ಲೇ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸಿಗುತ್ತದೆ. ಸ್ಪೀಡ್ 400ಕ್ಕೆ 40ರ ಹತ್ತಿರ ಶಕ್ತಿ ಇದೆ, 37.5 ಎನ್‌ಎಂ ಟಾರ್ಕ್ ಇದೆ. ಆದರೆ ಅದರ ಗರಿಷ್ಠ 6,500ರಲ್ಲಿ. ಎರಡೂ ಘಾಟಿ ಹತ್ತುತ್ತವೆ. ಎರಡನೆಯದನ್ನು ಗೇರ್ ಇಳಿಸಿ, ಇಂಜಿನನ್ನು ಹೆಚ್ಚು ಆರ್‌ಪಿಎಂನಲ್ಲಿ ಇಟ್ಟುಕೊಂಡು ಓಡಿಸಬೇಕು.

ನೋಟ್‌ಬುಕ್ಕಿನಲ್ಲಿ ಈಗ ಒಂದು ಸಾಲು ಬರೆಯಿರಿ: ನಾನು ಎಷ್ಟು ವೇಗದಲ್ಲಿ, ಎಷ್ಟು ಜನ, ಎಷ್ಟು ಸಾಮಾನು, ಯಾವ ರಸ್ತೆ.

## ಹಂತ 5: ಈಗ ಸಿಸಿ ನೋಡಿ

100–125 ಸಿಸಿ. ಪೇಟೆಗೆ ಇದಕ್ಕಿಂತ ಸುಲಭದ ಗಾಡಿ ಇಲ್ಲ. ಒಬ್ಬರೇ, 60ರ ಆಸುಪಾಸಿನಲ್ಲಿ, ಒಳರಸ್ತೆಗಳಲ್ಲಿ ಹೋಗುವವರಿಗೆ ಟೂರಿಗೂ ನಡೆಯುತ್ತದೆ. ಇಬ್ಬರು ಕೂತು ಘಾಟಿ ಹತ್ತುವವರಿಗೆ ಬೇಡ. ಇನ್ನೊಂದು ವಿಷಯ: 125 ಸಿಸಿಗಿಂತ ಮೇಲಿನ ಬೈಕ್‌ಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) 2019ರಿಂದ ಕಡ್ಡಾಯ. ಈ ಗುಂಪಿನಲ್ಲಿ ಎಬಿಎಸ್ ಇದೆಯೋ ಇಲ್ಲವೋ ಕೇಳಿಯೇ ತಿಳಿಯಬೇಕು. ಮಳೆಗಾಲದ ಮಲೆನಾಡಿಗೆ ಹೋಗುವವರು ಎಬಿಎಸ್ ಬಿಡಬೇಡಿ.

150–250 ಸಿಸಿ. ಈ ಗುಂಪನ್ನು ಜನ ಬೇಗ ದಾಟಿ ಹೋಗುತ್ತಾರೆ. ನನಗೆ ಬೇಸರವಾಗುವುದು ಇಲ್ಲೇ. ಹಂತ 1ರ ಲೆಕ್ಕದಲ್ಲಿ ಮುಕ್ಕಾಲು ಪಾಲು ಪೇಟೆ ಓಡಾಟ ಬಂದವರು, ವರ್ಷಕ್ಕೆ ನಾಲ್ಕೈದು ಟೂರ್ ಹೋಗುವವರು ಮೊದಲು ನೋಡಬೇಕಾದದ್ದು ಇವನ್ನೇ. ಅಪಾಚೆ, ಪಲ್ಸರ್‌ಗಳು 80ರಲ್ಲಿ ನೆಮ್ಮದಿಯಾಗಿ ಹೋಗುತ್ತವೆ. ಕಚ್ಚಾ ರಸ್ತೆಗೆ ಎಕ್ಸ್‌ಪಲ್ಸ್ 200 ಇದೆ, ತೂಕ 160 ಕೆ.ಜಿ.ಯ ಹತ್ತಿರ ಅಷ್ಟೇ. ವಿ-ಸ್ಟ್ರೋಮ್ ಎಸ್‌ಎಕ್ಸ್ 249 ಸಿಸಿ, 167 ಕೆ.ಜಿ., 26 ಬಿಎಚ್‌ಪಿ. ಸೀಟಿನ ಎತ್ತರ ಹೊಂದಿದವರಿಗೆ ಆಫೀಸಿಗೂ ಘಾಟಿಗೂ ಒಪ್ಪುವ ಗಾಡಿ ಅದು. ಇಬ್ಬರು, ಸಾಮಾನು, ಏರು ಮೂರೂ ಸೇರಿದಾಗ ಗೇರ್ ಜಾಸ್ತಿ ಬದಲಿಸಬೇಕಾಗುತ್ತದೆ. ಅದು ಒಪ್ಪಿಗೆಯಾ ನೋಡಿ.

350 ಸಿಸಿ. ಗಂಡ ಹೆಂಡತಿ ಇಬ್ಬರೂ ಸೇರಿ ಟೂರ್ ಹೋಗುವವರಿಗೆ, 80–90 ಸಾಕು ಅನ್ನುವವರಿಗೆ. ಕ್ಲಾಸಿಕ್, ಮೀಟಿಯೋರ್, ಹಂಟರ್, ಹೋಂಡಾ ಸಿಬಿ 350. ತೂಕ 181ರಿಂದ 195 ಕೆ.ಜಿ. ಇಲ್ಲಿ ತೀರ್ಪು ಕೊಡುವುದು ಹಂತ 3. ತಳ್ಳಿ ನೋಡದೆ ಬುಕ್ ಮಾಡಬೇಡಿ.

390–450 ಸಿಸಿ. ತಿಂಗಳಿಗೊಮ್ಮೆ ನಿಜವಾಗಿಯೂ ದೂರ ಹೋಗುವವರಿಗೆ. ಹುಬ್ಬಳ್ಳಿಗೆ 400 ಕಿ.ಮೀ. ಹೋದ ಮೇಲೂ ಇಂಜಿನ್ ಒದ್ದಾಡುವುದಿಲ್ಲ, ಓವರ್‌ಟೇಕ್ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ಇದರ ಬೆಲೆ ಪೇಟೆಯಲ್ಲಿ ಕೊಡಬೇಕು. ಸಿಗ್ನಲ್‌ನಲ್ಲಿ ರೇಡಿಯೇಟರ್ ಫ್ಯಾನ್ ತೊಡೆಗೆ ಬಿಸಿ ಗಾಳಿ ಊದುತ್ತದೆ. ನಿಧಾನ ವೇಗದಲ್ಲಿ ಹಾಫ್ ಕ್ಲಚ್ ಜಾಸ್ತಿ ಬೇಕಾಗಬಹುದು.

650 ಸಿಸಿ. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ ಪೆಟ್ರೋಲ್ ಸೇರಿ 217 ಕೆ.ಜಿ. ಸೊಗಸಾದ ಇಂಜಿನ್, 52 ಎನ್‌ಎಂ ಟಾರ್ಕ್. ಮನೆಯಲ್ಲಿ ಇನ್ನೊಂದು ಗಾಡಿ ಇಲ್ಲದವರಿಗೆ ನಾನು ಹೇಳುವುದಿಲ್ಲ.

## ಹಂತ 6: ಟ್ಯಾಂಕು ಮತ್ತು ಖರ್ಚು

ದೊಡ್ಡ ಗಾಡಿ ಒಂದು ಟ್ಯಾಂಕಿಗೆ ಜಾಸ್ತಿ ದೂರ ಹೋಗುತ್ತದೆ ಎಂಬುದು ತಪ್ಪು ಲೆಕ್ಕ. ಕ್ಲಾಸಿಕ್ 350ರ 13 ಲೀಟರಿಗೆ, ಲೀಟರಿಗೆ 32 ಸಿಕ್ಕರೂ 400 ಕಿ.ಮೀ. ದಾಟುತ್ತದೆ. ಇಂಟರ್‌ಸೆಪ್ಟರ್‌ನ 13.7 ಲೀಟರಿಗೆ 25ರಂತೆ ಹಿಡಿದರೆ 340. ಗುಣಿಸಿ, ಅದರಲ್ಲಿ ಐದರಲ್ಲೊಂದು ಪಾಲು ಕಳೆಯಿರಿ. ಉಳಿದದ್ದು ನೀವು ನಂಬಬಹುದಾದ ದೂರ.

350 ಸಿಸಿ ಒಂದು ದೊಡ್ಡ ಗಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳಿಗೆ ಜಿಎಸ್‌ಟಿ ಶೇ. 18, ಅದಕ್ಕಿಂತ ಮೇಲೆ ಶೇ. 40. ವಿಮೆಯಲ್ಲೂ ಹಾಗೇ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಲ್ಲಿ ಥರ್ಡ್ ಪಾರ್ಟಿ ವಿಮೆ 150–350 ಸಿಸಿಗೆ ವರ್ಷಕ್ಕೆ 1,366 ರೂಪಾಯಿ, 350 ದಾಟಿದರೆ 2,804. ಶೋರೂಮ್ ಬೆಲೆ ನೋಡಿ ಹೋಲಿಸಬೇಡಿ, ತೆರಿಗೆ, ವಿಮೆ ಎಲ್ಲ ಸೇರಿದ ಆನ್‌ರೋಡ್ ಬೆಲೆಯನ್ನು ಬರೆಸಿಕೊಳ್ಳಿ. ಅದಕ್ಕೆ ಒಂದು ಜೊತೆ ಟೈರ್, ಒಂದು ಚೈನ್ ಸೆಟ್, ಒಂದು ಸರ್ವಿಸ್ ಬೆಲೆ ಕೇಳಿ ಸೇರಿಸಿ.

## ಹಂತ 7: ಓಡಿಸಿ ನೋಡುವುದು, ಸರಿಯಾಗಿ

ಶೋರೂಮಿನ ಎರಡು ಕಿ.ಮೀ. ಟೆಸ್ಟ್ ರೈಡ್‌ನಲ್ಲಿ ಎಲ್ಲ ಗಾಡಿಯೂ ಚೆನ್ನಾಗಿರುತ್ತದೆ. ಉಳಿದ ಎರಡು ಮೂರು ಗಾಡಿಗಳನ್ನು ಬಾಡಿಗೆಗೆ ತಗೊಳ್ಳಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವ ಬಾಡಿಗೆ ಗಾಡಿಯನ್ನೇ ಕೇಳಿ ಪಡೆಯಿರಿ. ಪ್ರತಿ ಗಾಡಿಗೆ ಎರಡು ದಿನ.

ಮೊದಲ ದಿನ, ಕೆಲಸದ ದಿನ. ನಿಮ್ಮ ಆಫೀಸ್ ಹೊತ್ತಿಗೆ, ನಿಮ್ಮ ಆಫೀಸ್ ದಾರಿಯಲ್ಲೇ ಹೋಗಿ ಬನ್ನಿ. ನಿಮ್ಮ ಜಾಗದಲ್ಲೇ ನಿಲ್ಲಿಸಿ. ಎಡಗೈ ಹೆಬ್ಬೆರಳಿನ ಬುಡ ನೋಯುತ್ತಾ? ಒಳತೊಡೆಗೆ ಬಿಸಿ ತಾಗುತ್ತಾ? ಕನ್ನಡಿಗಳು ಕಾರುಗಳ ಕನ್ನಡಿಗೆ ತಾಗದೆ ನುಸುಳುತ್ತವಾ?

ಎರಡನೇ ದಿನ, ಭಾನುವಾರ. ಹಿಂದೆ ಕೂರುವವರು ಮತ್ತು ತುಂಬಿದ ಬ್ಯಾಗಿನ ಜೊತೆ 150 ಕಿ.ಮೀ. ಬೆಂಗಳೂರಿನವರಿಗೆ ತುಮಕೂರು ದಾರಿಯಲ್ಲಿ ದೇವರಾಯನದುರ್ಗ ಸರಿಯಾದ ಜಾಗ. ಹೈವೇ, ಹಳ್ಳಿ ರಸ್ತೆ, ಬೆಟ್ಟದ ತಿರುವು ಮೂರೂ ಸಿಗುತ್ತವೆ. ಕರಾವಳಿಯವರು ಚಾರ್ಮಾಡಿಗೆ ಹೋಗಬಹುದು. ಟೈರಿನ ಗಾಳಿ ಇಬ್ಬರಿಗೆ ಬೇಕಾದಷ್ಟಿದೆಯಾ ಹೊರಡುವ ಮುಂಚೆ ನೋಡಿ, ಇಲ್ಲವಾದರೆ ತಪ್ಪು ಗಾಡಿಯದೋ ಗಾಳಿಯದೋ ಗೊತ್ತಾಗುವುದಿಲ್ಲ.

ಒಂದು ಗಂಟೆಯ ನಂತರ ಟೀಗೆ ನಿಲ್ಲಿಸಿ. ನೀವು ಬಾಯಿ ತೆರೆಯುವ ಮುಂಚೆ ಹಿಂದೆ ಕೂತವರು ಮಾತಾಡಲಿ. ಕಾಲು ಮಡಚಿ ನೋವಾ, ಸೀಟು ಜಾರುತ್ತಾ, ಹಿಡಿಯಲು ಏನಾದರೂ ಇದೆಯಾ. ಅವರ ಮಾತನ್ನು ತಳ್ಳಿಹಾಕಬೇಡಿ. ಟೂರ್ ನಿಂತುಹೋಗುವುದು ಅಲ್ಲಿಂದಲೇ.

ಎಚ್ಚರಿಕೆಯ ಗುರುತುಗಳು:

- 80ರಲ್ಲಿ ಅಂಗೈ, ಪಾದ ಜುಮ್ ಅನ್ನುವುದು.
- ನಿಲ್ಲಿಸುವ ಮುಂಚೆ ಪ್ರತಿ ಸಲ ಕಾಲೂರುವ ಜಾಗ ಹುಡುಕುವುದು.
- ಯು-ಟರ್ನ್ ಬೇಡವೆಂದು ಒಂದು ಕಿ.ಮೀ. ಮುಂದೆ ಹೋಗುವುದು.
- ಓವರ್‌ಟೇಕ್ ಮಾಡುವಾಗ ಆಕ್ಸಿಲರೇಟರ್ ಪೂರ್ತಿ ತಿರುಗಿಸಿಯೂ ಎದುರಿನ ಗಾಡಿ ಹತ್ತಿರ ಬಂದದ್ದು.

ಮೊದಲ ಮೂರರಲ್ಲಿ ಯಾವುದೇ ಎರಡು ಕಂಡರೆ ಗಾಡಿ ನಿಮಗೆ ದೊಡ್ಡದು, ಇಲ್ಲವೇ ನಿಮ್ಮ ಮೈಗೆ ಹೊಂದುತ್ತಿಲ್ಲ. ಕೊನೆಯದು ಗೇರ್ ಇಳಿಸಿದ ಮೇಲೂ ಎರಡು ಸಲ ಆದರೆ ಗಾಡಿ ನಿಮ್ಮ ಭಾರಕ್ಕೆ ಚಿಕ್ಕದು.

## ಹಂತ 8: ಈಗಾಗಲೇ ತಪ್ಪು ಗಾತ್ರ ತಗೊಂಡಿದ್ದರೆ

ತಕ್ಷಣ ಮಾರಬೇಡಿ. ಎತ್ತರದ ಸಮಸ್ಯೆಗೆ ಮೊದಲು ಕಂಪನಿಯದೇ ತಗ್ಗಿನ ಸೀಟು ಸಿಗುತ್ತಾ ಕೇಳಿ. ಇಲ್ಲವಾದರೆ ಒಳ್ಳೆಯ ಸೀಟ್ ಕೆಲಸದವರಲ್ಲಿ ಫೋಮ್ ಇಪ್ಪತ್ತು ಮಿ.ಮೀ. ಕೆತ್ತಿಸಿ, ಮುಂಭಾಗ ಕಿರಿದು ಮಾಡಿಸಿ. ಸಸ್ಪೆನ್ಷನ್ ತಗ್ಗಿಸುವ ಲಿಂಕ್‌ಗಳನ್ನು ಕೊನೆಗೆ ನೋಡಿ. ಅದನ್ನು ಹಾಕಿದರೆ ರಸ್ತೆ ಹಂಪ್‌ಗೆ ಗಾಡಿಯ ಅಡಿಭಾಗ ತಾಗುತ್ತದೆ, ಸೈಡ್ ಸ್ಟ್ಯಾಂಡ್ ಉದ್ದವಾಗಿ ಗಾಡಿ ನೆಟ್ಟಗೆ ನಿಲ್ಲುತ್ತದೆ, ಸಣ್ಣ ತಳ್ಳಾಟಕ್ಕೂ ಬೀಳುತ್ತದೆ.

ಚಿಕ್ಕ ಗಾಡಿಗೆ ಭಾರ ಜಾಸ್ತಿ ಅನ್ನಿಸಿದರೆ ಹಿಂದಿನ ಸಸ್ಪೆನ್ಷನ್‌ನ ಪ್ರಿಲೋಡ್ (ಸ್ಪ್ರಿಂಗ್‌ನ ಬಿಗಿ) ಏರಿಸಿ, ಬ್ಯಾಗುಗಳನ್ನು ಆದಷ್ಟು ಕೆಳಗೆ ಮತ್ತು ಮುಂದಕ್ಕೆ ಕಟ್ಟಿ. ಹಿಂದಿನ ಕ್ಯಾರಿಯರ್ ಮೇಲೆ ಎತ್ತರಕ್ಕೆ ಪೇರಿಸಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲುಗುತ್ತದೆ.

ಹಳೆ ಗಾಡಿ ಇನ್ನೂ ಮನೆಯಲ್ಲೇ ಇದ್ದರೆ ಒಂದು ತಿಂಗಳು ಎರಡನ್ನೂ ಇಟ್ಟುಕೊಳ್ಳಿ. ಪ್ರತಿ ಬೆಳಗ್ಗೆ ಯಾವ ಕೀ ತಗೊಂಡಿರಿ ಎಂದು ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ತಿಂಗಳ ಕೊನೆಗೆ ಎಣಿಸಿ, ಯಾವುದನ್ನು ಮಾರಬೇಕು ಅಂತ ಆಮೇಲೆ ತೀರ್ಮಾನ ಮಾಡಿ.